ಶಾಂತವ್ವನ ಮನೆಯ ಐದು ಮೆಟ್ಟಿಲು

ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು ಇರುತ್ತದೆ. ಮೂವತ್ತು ಚಿಲ್ಲರೆ ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನ ಜೇಬಿನಲ್ಲಿ ಪೆನ್ಸಿಲ್ ತುಂಡೋ ರಬ್ಬರೋ ಕಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಟೇಪು ಕಂಡರೆ ಮಾತ್ರ ಜನರ ಮುಖ ಬದಲಾಗುತ್ತದೆ. ಕಳೆದ ಬೇಸಿಗೆಯಲ್ಲಿ ಯಲ್ಲಾಪುರದ ಪೇಟೆಯಲ್ಲಿ ಒಂದು ಹಳೆಯ ಅಂಗಡಿಯ ಎದುರು ಕುಕ್ಕುರುಗಾಲಲ್ಲಿ ಕೂತು ಅದರ ಮೆಟ್ಟಿಲಿನ ಎತ್ತರ ಅಳೆಯುತ್ತಿದ್ದೆ. ಒಳಗಿನಿಂದ ಅಂಗಡಿಯವರು ಓಡಿಬಂದರು. ಕುರ್ಚಿ ಬಂತು, ಚಾ ಬಂತು, ಎದುರಿನ ಹೋಟೆಲಿನಿಂದ ಒಂದು ತಟ್ಟೆ ಮೆಣಸಿನಕಾಯಿ ಭಜಿಯೂ ಬಂತು.

"ರಸ್ತೆ ಅಗಲ ಮಾಡೂದು ಯಾವಾಗ ಶುರು ಸಾಹೇಬ್ರೆ? ನಮ್ಮದು ಎಷ್ಟು ಹೋಗ್ತದೆ?" ಎಂದು ಅವರು ಪಿಸುಗುಟ್ಟಿದರು.

ನಾನು ಸಾಹೇಬನಲ್ಲ, ನಿವೃತ್ತ ಮಾಸ್ತರ, ನಿಮ್ಮ ಮೆಟ್ಟಿಲು ಏಳು ಇಂಚು ಇದೆ, ಬಹಳ ಚೆನ್ನಾಗಿದೆ ಎಂದೆ. ಅವರು ನಂಬಲಿಲ್ಲ. ಮೆಟ್ಟಿಲು ಚೆನ್ನಾಗಿದೆ ಅಂತ ಹೇಳಲು ಶಿರಸಿಯಿಂದ ಬಸ್ಸು ಹತ್ತಿ ಬರುವ ಮನುಷ್ಯ ಇರುತ್ತಾನೆಂದು ಯಾರು ತಾನೆ ನಂಬುತ್ತಾರೆ? ಅಷ್ಟಾದ ಮೇಲೂ ಆ ಭಜಿಯನ್ನು ನಾನು ಪೂರ್ತಿ ತಿಂದದ್ದು ತಪ್ಪೇ. ಒಪ್ಪುತ್ತೇನೆ. ಆದರೆ ಬಿಸಿ ಬಿಸಿ ಇತ್ತು.

ಈ ಟೇಪು ಜೇಬು ಸೇರಿದ್ದು ಹೇಗೆಂದರೆ, ನನ್ನ ತಂಗಿಯ ಮಗಳು ಶಿರಸಿಯ ಹತ್ತಿರ ಒಂದು ಹೋಮ್‌ಸ್ಟೇ ನಡೆಸುತ್ತಾಳೆ. ಅಲ್ಲಿಗೆ ಬರುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಜಲಪಾತಕ್ಕೆ ಕರೆದುಕೊಂಡು ಹೋದರೆ ಅವರು ಮೇಲಿನಿಂದಲೇ ಕೈಮುಗಿದು ವಾಪಸು ಬರುತ್ತಾರೆ. ಮಾಗೋಡಿಗೆ ಹೋಗಿ ಜಲಪಾತಕ್ಕೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತು ಬಂದವರೂ ಉಂಟು. "ಮಾವಾ, ಇವ್ರಿಗೆ ಹಳೇ ಮನೆ, ಹಳೇ ದೇವಸ್ಥಾನ ಎಲ್ಲ ತೋರ್ಸು. ನಿಧಾನಕ್ಕೆ ನಡೆಸ್ಕಂಡು ಹೋಗು. ನಿಂಗೂ ಹೊತ್ತು ಹೋಗ್ತು" ಎಂದಳು. ನನ್ನ ಹೊತ್ತು ಹೋಗುತ್ತಿಲ್ಲವೆಂದು ಅವಳಿಗೆ ಯಾರು ಹೇಳಿದರೋ. ನಮ್ಮ ಮನೆಯವಳೇ ಇರಬೇಕು.

ಮೊದಲ ನಡಿಗೆ ಬನವಾಸಿಯ ದೇವಸ್ಥಾನದಲ್ಲಿ. ನಾನು ಮೂರು ದಿನ ಕನ್ನಡಿಯ ಮುಂದೆ ನಿಂತು ಭಾಷಣ ತಯಾರು ಮಾಡಿಕೊಂಡಿದ್ದೆ. ಕಂಬಗಳ ಹೊಳಪಿನ ಬಗ್ಗೆ, ಚಾವಣಿಯ ಕೆತ್ತನೆಯ ಬಗ್ಗೆ, ಹಿಂದಿನವರ ಕೈಚಳಕದ ಬಗ್ಗೆ ಗಂಟಲು ಕಟ್ಟುವಷ್ಟು ಮಾತಾಡಿದೆ. "ಈಗ ಎಲ್ಲರೂ ತಲೆ ಎತ್ತಿ ಮೇಲೆ ನೋಡಿ" ಎಂದು ಕೈ ಎತ್ತಿದೆ. ಎಂಟು ಜನವೂ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಭಕ್ತಿ ಹೆಚ್ಚಾಯಿತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರು ಮುಂದಿನ ಹೆಜ್ಜೆ ಎಲ್ಲಿಡುವುದು ಎಂದು ನೋಡುತ್ತಿದ್ದರು. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಒಬ್ಬರು ಕೈ ಎತ್ತಿದರು. ಹೊರಗೆ ಹೋಗಲು ಈ ಹೊಸ್ತಿಲು ಬಿಟ್ಟು ಬೇರೆ ದಾರಿ ಇದೆಯೇ ಎಂಬುದು ಅವರ ಪ್ರಶ್ನೆ. ಇನ್ನೊಬ್ಬರು ಅಲ್ಲಿನ ಪ್ರಸಿದ್ಧ ಕಲ್ಲಿನ ಮಂಚದ ಸುತ್ತ ಎರಡು ಸಲ ಬಂದು, "ಎಲ್ಲ ಸರಿ, ಹತ್ತೋದಕ್ಕೆ ಒಂದು ಮಣೆ ಇಟ್ಟಿಲ್ವಲ್ಲ" ಎಂದು ಬೇಸರ ಪಟ್ಟರು.

ಅವತ್ತು ಮನೆಗೆ ಬಂದವನೇ ಭಾಷಣದ ಹಾಳೆಗಳನ್ನು ಮಡಚಿಟ್ಟು ಟೇಪು ಕೊಂಡೆ. ಎಲ್ಲಿಗೆ ಜನರನ್ನು ಕರೆದೊಯ್ಯುವುದಿದ್ದರೂ ಮೊದಲು ನಾನೊಬ್ಬನೇ ಹೋಗಿ ಮೆಟ್ಟಿಲು ಎಷ್ಟು, ಎತ್ತರ ಎಷ್ಟು, ಹಿಡಿಯಲು ಏನಿದೆ, ಕೂರಲು ಎಲ್ಲಿದೆ, ಮುಖ್ಯವಾಗಿ 'ಅದು' ಎಲ್ಲಿದೆ ಎಂದು ಬರೆದುಕೊಂಡು ಬರುತ್ತೇನೆ. ನಿಮಗೆ ಇನ್ನೂ ಐವತ್ತೈದು ಆಗಿಲ್ಲವಾದರೆ 'ಅದು' ಎಂದರೆ ಏನೆಂದು ತಿಳಿಯಲಿಕ್ಕಿಲ್ಲ. ಕಾಯಿರಿ, ತಿಳಿಯುತ್ತದೆ. ನಮ್ಮ ಹೋಮ್‌ಸ್ಟೇಯ ಅಭಿಪ್ರಾಯ ಪುಸ್ತಕದಲ್ಲಿ ಕದಂಬರ ಬಗ್ಗೆ ಬರೆದವರು ಇಬ್ಬರು. ಕಿರವತ್ತಿಯ ಹತ್ತಿರ ಒಂದು ಧಾಬಾದ ಕಕ್ಕಸಿನಲ್ಲಿ ಗೋಡೆಗೆ ಹಿಡಿಕೆ ಇದೆ ಎಂದು ಹೊಗಳಿ ಬರೆದವರು ಹನ್ನೊಂದು ಮಂದಿ. ಒಬ್ಬರು ಅದರ ಚಿತ್ರವನ್ನೂ ಬಿಡಿಸಿದ್ದಾರೆ. ಡ್ರಾಯಿಂಗ್ ಮಾಸ್ತರನಾಗಿ ಹೇಳುತ್ತೇನೆ, ಚಿತ್ರ ಚೆನ್ನಾಗಿತ್ತು.

ಸಿದ್ದಾಪುರ ಕಡೆಯ ಬಿಳಗಿ ಬಸದಿಗೆ ಹೋದಾಗ ಮೈಸೂರಿನಿಂದ ಬಂದಿದ್ದ ಒಬ್ಬ ಅಜ್ಜಿ ಹೊಸ್ತಿಲ ಮುಂದೆ ನಿಂತುಬಿಟ್ಟರು. ಎತ್ತರದ ಹೊಸ್ತಿಲು. ನಾನು ಕೈ ಚಾಚಿದೆ. ಅವರು ಬೇಡವೆಂದು ತಲೆಯಾಡಿಸಿ, ಒಳಗಿನ ಕಡೆ ಒಮ್ಮೆ ಕೈಮುಗಿದು, ಹೊಸ್ತಿಲ ಮೇಲೆ ಆರಾಮಾಗಿ ಕೂತರು. ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಒಳಗಡೆ ತಿರುಗಿಸಿ ಎದ್ದು ನಿಂತರು. ಹೊಸ್ತಿಲ ಮೇಲೆ ಕೂರಬಾರದು ಎಂದು ಬೈಸಿಕೊಂಡು ಬೆಳೆದವನು ನಾನು. ನನ್ನ ಮುಖ ನೋಡಿ ಅವರೇ ಹೇಳಿದರು: "ಮೊಣಕಾಲು ಕೊಟ್ಟವನಿಗೆ ಮೊಣಕಾಲಿನ ಕಷ್ಟ ಗೊತ್ತಿರುತ್ತೆ ಬಿಡಿ." ಅಂದಿನಿಂದ ಆ ಬಸದಿಯಲ್ಲಿ ನಾನೂ ಹಾಗೇ ದಾಟುತ್ತೇನೆ, ಯಾರೂ ನೋಡದಿದ್ದರೆ.

ಮೆಟ್ಟಿಲು ಎಣಿಸುವ ಚಟ ಮಾತ್ರ ಈಗಿನದಲ್ಲ, ಅದನ್ನು ಹಚ್ಚಿದ್ದು ನನ್ನ ಅಕ್ಕ ಭಾಗೀರಥಿ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಪ್ಪ ಅಂಚೆ ಕಚೇರಿಯಲ್ಲಿದ್ದರು. ಸಿದ್ದಾಪುರದಲ್ಲಿ ನಾವು ಬಾಡಿಗೆಗಿದ್ದ ಮಾಳಿಗೆ ಮನೆಗೆ ಹದಿಮೂರು ಮರದ ಮೆಟ್ಟಿಲು. ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಲಾಭ, ನಷ್ಟ, ಲಾಭ, ನಷ್ಟ ಎಂದು ಹೇಳುತ್ತ ಹತ್ತುತ್ತಿದ್ದಳು. ಕೊನೆಯದು ಲಾಭವೇ ಆಗಬೇಕು. ನಿಮ್ಮ ಮನೆಯಲ್ಲೂ ಹೀಗೆ ಎಣಿಸಿರುತ್ತೀರಿ, ಈಗ ಇಲ್ಲ ಎನ್ನಬೇಡಿ. ಆಮೇಲೆ ಅಪ್ಪನಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅಲ್ಲಿಯ ಮನೆಗೆ ಎಂಟೇ ಮೆಟ್ಟಿಲು. ನಷ್ಟದ ಮನೆ! ನಾನು ಪರೀಕ್ಷೆಯ ದಿನಗಳಲ್ಲಿ ಕೊನೆಯ ಮೆಟ್ಟಿಲನ್ನು ಎರಡೆರಡು ಸಲ ತುಳಿದು ಲೆಕ್ಕ ಸರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಅಷ್ಟು ಮಾಡಿಯೂ ಗಣಿತದಲ್ಲಿ ನಾಲ್ಕು ಅಂಕ ಬಂತು. ಮೋಸ ಮಾಡಿ ತುಳಿದದ್ದಕ್ಕೆ ಹಾಗಾಯಿತು ಎಂದು ಅಕ್ಕ, ಓದದ್ದಕ್ಕೆ ಹಾಗಾಯಿತು ಎಂದು ಅಪ್ಪ.

ಅಕ್ಕನನ್ನು ಮದುವೆ ಮಾಡಿ ಕೊಟ್ಟದ್ದು ಶಿರಸಿ ಪೇಟೆಯ ಒಂದು ಓಣಿಗೆ. ಅದೇ ಓಣಿಗೆ, ಅದೇ ವರ್ಷ, ಬನವಾಸಿ ಕಡೆಯಿಂದ ಸೊಸೆಯಾಗಿ ಬಂದವರು ಶಾಂತವ್ವ. ಬಟ್ಟೆ ಅಂಗಡಿಯವರ ಮನೆ. ಅಕ್ಕನ ಮನೆಗೂ ಅವರ ಮನೆಗೂ ನಡುವೆ ಆರು ಮನೆ. ಇಬ್ಬರ ಮಾತಿನ ಧಾಟಿ ಬೇರೆ, ಅಡುಗೆ ಬೇರೆ, ದೇವರ ಪೂಜೆ ಬೇರೆ. ಜಗಳವಾಡುವ ಹುಮ್ಮಸ್ಸು ಮಾತ್ರ ಒಂದೇ ತರ. ದಿನಾ ಸಂಜೆ ಶಾಂತವ್ವನ ಜಗಲಿಯಲ್ಲಿ ಕೂತು ಚೌಕಾಬಾರ ಆಡುತ್ತಿದ್ದರು. ಕವಡೆ ಬಿದ್ದದ್ದು ನಾಲ್ಕೋ ಎಂಟೋ ಎಂದು ಇಬ್ಬರೂ ಕೂಗಾಡುವುದನ್ನು ಕೇಳಿ ಹೊಸದಾಗಿ ಓಣಿಗೆ ಬಂದವರು ಬಿಡಿಸಲು ಓಡಿಬಂದದ್ದುಂಟು. ಈ ಆಟ ಐವತ್ತೈದು ವರ್ಷ ನಡೆಯಿತು.

ಒಂದೂವರೆ ವರ್ಷದಿಂದ ನಿಂತುಹೋಗಿತ್ತು. ನಿಲ್ಲಿಸಿದ್ದು ಒಂದು ಮೆಟ್ಟಿಲು. ಸರಿಯಾಗಿ ಹೇಳಬೇಕೆಂದರೆ, ಇಲ್ಲದ ಒಂದು ಮೆಟ್ಟಿಲು.

ಶಾಂತವ್ವನ ಮನೆಯ ಜಗಲಿ ನೆಲದಿಂದ ಬಹಳ ಎತ್ತರ. ಐದು ಕಲ್ಲಿನ ಮೆಟ್ಟಿಲು. ಮೇಲಿನ ನಾಲ್ಕು ಹದವಾಗಿ ಏಳೇಳು ಇಂಚು ಇವೆ, ಮಗು ಕೂಡ ಹತ್ತಬಹುದು. ಎಲ್ಲಕ್ಕಿಂತ ಕೆಳಗಿನದು ಮಾತ್ರ ನೆಲದಿಂದ ಹದಿನಾಲ್ಕು ಇಂಚು ಎತ್ತರದಲ್ಲಿದೆ. ಹರೆಯದಲ್ಲಿ ಎಲ್ಲರೂ ಅದನ್ನು ಹಾರಿಯೇ ಹತ್ತಿದರು, ಹಾರಿಯೇ ಇಳಿದರು. ಈಗ ಅಕ್ಕನಿಗೆ ಸೊಂಟದ ಆಪರೇಶನ್ ಆಗಿದೆ. ಊರುಗೋಲು ಹಿಡಿದು ಸಪಾಟು ನೆಲದಲ್ಲಿ ಎಷ್ಟು ದೂರ ಬೇಕಾದರೂ ನಡೆಯುತ್ತಾಳೆ, ಆ ಮೆಟ್ಟಿಲು ಹತ್ತಲಾಗುವುದಿಲ್ಲ. ಶಾಂತವ್ವನಿಗೆ ಎರಡೂ ಮೊಣಕಾಲು ನೋವು. ಜಗಲಿಯ ತನಕ ಬರುತ್ತಾರೆ, ಇಳಿಯಲಾಗುವುದಿಲ್ಲ. ಹಾಗಾಗಿ ದಿನಾ ಸಂಜೆ ಅಕ್ಕ ಕೆಳಗೆ ಗಟಾರದ ಚಪ್ಪಡಿಯ ಮೇಲೆ ನಿಲ್ಲುತ್ತಿದ್ದಳು, ಶಾಂತವ್ವ ಮೇಲೆ ಜಗಲಿಯ ಒಳಗೆ ಕುರ್ಚಿಯಲ್ಲಿ ಕೂರುತ್ತಿದ್ದರು. ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೆ. ಯಾರ ಸೊಸೆಯ ಗುಟ್ಟು ಎಲ್ಲಿಗೆ ಬಂತು ಎಂಬುದೆಲ್ಲ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಫೋನಿನಲ್ಲಿ ಮಾತಾಡಿ ಎಂದು ಓಣಿಯವರು ಕೈಮುಗಿದು ಕೇಳಿಕೊಂಡರು. "ಫೋನಲ್ಲಿ ಮುಖ ಕಾಣ್ತಿಲ್ಲೆ. ಅವಳು ಸುಳ್ಳು ಹೇಳಿದ್ರೆ ಯಂಗೆ ಹ್ಯಾಂಗೆ ಗೊತ್ತಾಗಕ್ಕು?" ಎಂದಳು ಅಕ್ಕ.

ಕಾಲಿಗೆ ಆಸರೆಯಾಗಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಒಮ್ಮೆ ನೋಡಿದ್ದರು. ಅದು ಜಾರಿ ಶಾಂತವ್ವ ಸ್ವಲ್ಪದರಲ್ಲಿ ಉಳಿದರು. ಆಮೇಲೆ ಒಮ್ಮೆ ಡಾಕ್ಟರ ಹತ್ತಿರ ಹೋಗುವಾಗ ಮಗ ಮಹಾಂತೇಶ ಮತ್ತು ಅಂಗಡಿಯ ಮೂವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರಂತೆ. ವಾಪಸು ಬಂದ ಮೇಲೆ ಶಾಂತವ್ವ ಖಡಾಖಂಡಿತವಾಗಿ ಹೇಳಿಬಿಟ್ಟರು: "ನನ್ನ ಕಾಲಿಲೆ ನಾ ಇಳೀತೀನಿ, ಇಲ್ಲಾಂದ್ರ ಇಳಿಯೂದಿಲ್ಲ. ಇನ್ನೊಂದ ಸಲ ಹೊರೂದು ಐತಲ್ಲ, ಆವಾಗ ಹೊರ್ರಿ. ಆವಾಗ ನಾ ಯಾರ ಮಾರೀನೂ ನೋಡೂದಿಲ್ಲ."

ಅಕ್ಕ ನನ್ನನ್ನು ಹಿಡಿದುಕೊಂಡಳು. "ತಮಾ, ಊರ ಮುದುಕ್ರಿಗೆಲ್ಲ ಮೆಟ್ಲು ತೋರ್ಸಿ ದೊಡ್ಡ ಮನುಷ್ಯ ಆಜೆ. ಅಕ್ಕನ ಓಣಿ ಮೆಟ್ಲು ಒಂದು ಕಣ್ಣಿಗೆ ಬೀಳ್ತಿಲ್ಲೆ ಅಲ್ದ?" ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನನ್ನು ಹೊತ್ತು ಹದಿಮೂರು ಮೆಟ್ಟಿಲು ಹತ್ತಿದವಳು ಒಂದು ಮೆಟ್ಟಿಲ ಎದುರು ಸೋತು ನಿಂತಿದ್ದಳು.

ನಾನು ಮಹಾಂತೇಶನ ಬಳಿ ಹೋದೆ. ಹದಿನಾಲ್ಕು ಇಂಚಿನ ಕೆಳಗೆ ಏಳಿಂಚಿನ ಒಂದು ಕಲ್ಲು ಕೂರಿಸಿದರೆ ಮುಗಿಯಿತು ಎಂದೆ. ಐವತ್ತು ದಾಟಿದ, ಒಳ್ಳೆಯ, ತಾಯಿಯ ಮೇಲೆ ಪ್ರೀತಿಯಿರುವ ಮನುಷ್ಯ. ಅಂಥವನು ಗಾಬರಿಯಾಗಿ ಎದ್ದು ನಿಂತ.

"ಅದೊಂದ ಬ್ಯಾಡ್ರಿ ಮಾಸ್ತರ. ಒಂದ ಹಾಕಿದ್ರ ಆರ ಆಗ್ತಾವು. ನಷ್ಟಕ್ಕ ನಿಲ್ತೈತಿ. ನಮ್ಮಪ್ಪ ಐದ ಇರಬೇಕು ಅಂತ ಕಿತ್ತಿಸಿ ಹಾಕಿಸ್ಯಾನ. ಅಂಗಡಿ ಮನಿ ಅದ."

"ಹಾಗಾದರೆ ಎರಡು ಹಾಕಿ, ಏಳಾಗುತ್ತದೆ."

"ಜಾಗಾ ಎಲ್ಲೈತ್ರಿ? ಮುಂದ ಗಟಾರ."

ಜಾಗ ಅಳೆದೆ. ಅವನು ಹೇಳಿದ್ದು ಸರಿ. ಒಂದು ಕಲ್ಲಿಗೆ ಮಾತ್ರ ಸ್ಥಳವಿತ್ತು. ಅವ್ವನನ್ನೇ ಕೇಳೋಣ ಎಂದು ಜಗಲಿ ಹತ್ತಿದೆ. ಶಾಂತವ್ವ ಮಗನಿಗಿಂತ ಗಟ್ಟಿ. "ಅವರು ಲಾಭ ಅಂತ ಎಣಿಸಿ ಒಳಗ ಬಂದಾರ. ನಾ ಇಳಿಯೂ ಸಲುವಾಗಿ ಅದನ್ನ ನಷ್ಟ ಮಾಡ್ಲೇನು?" ಎಂದರು. ಹೇಳುವಾಗ ಕಣ್ಣು ಕೆಳಗೆ ನಿಂತಿದ್ದ ಅಕ್ಕನ ಕಡೆಗೇ ಇತ್ತು.

ಹಾಗಾದರೆ ಈ ಮೆಟ್ಟಿಲು ಕಟ್ಟಿದ ಪುಣ್ಯಾತ್ಮ ಯಾರು? ಹುಡುಕುವ ಕಷ್ಟವಿರಲಿಲ್ಲ. ಇನಾಸ ಮೇಸ್ತ್ರಿ, ಈಗ ಎಪ್ಪತ್ತಾರು ವರ್ಷ, ಶಿರಸಿಯ ಅರ್ಧ ಪೇಟೆಯ ಪಾಗಾರ ಗೋಡೆ, ಕಟ್ಟೆ, ಮೆಟ್ಟಿಲು ಎಲ್ಲ ಅವರ ಕೈಯವೇ. ಮುಂದಿನ ಭಾನುವಾರದ ನಡಿಗೆಗೆ ಅವರನ್ನೂ ಕರೆದೆ. ಎಂಟು ಜನ ಪ್ರವಾಸಿಗಳು, ನಾನು, ಅಕ್ಕ, ಮೇಸ್ತ್ರಿ, ಹೀಗೆ ಹನ್ನೊಂದು ಜನ ಐದು ಮೆಟ್ಟಿಲ ಎದುರು ಅರ್ಧಚಂದ್ರಾಕಾರದಲ್ಲಿ ನಿಂತೆವು. ದಾರಿಹೋಕರು ಏನೋ ಅಪಘಾತವಾಗಿದೆ ಎಂದು ಇಣುಕಿ ನೋಡಿ ಹೋದರು.

"ಮೇಸ್ತ್ರೀ, ಮೊದಲ ಮೆಟ್ಟಿಲು ಯಾಕೆ ಇಷ್ಟು ಎತ್ತರ?" ಎಂದೆ.

"ಅದು ಮೊದಲನೇದಲ್ಲ ಮಾಸ್ತರೇ, ಎರಡನೇದು" ಎಂದರು ಮೇಸ್ತ್ರಿ ಶಾಂತವಾಗಿ. "ಮೊದಲನೇದು ನಾನೇ ಕಿತ್ತದ್ದು. ನನ್ನ ಲೆಕ್ಕ ಸರಿ ಇತ್ತು. ಯಜಮಾನ್ರು ತಪ್ಪು ಎಣಿಸಿದ್ರು."

ನಡೆದದ್ದು ಇಷ್ಟು. ನಲವತ್ತು ವರ್ಷಗಳ ಹಿಂದೆ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಮೇಸ್ತ್ರಿ ಆರು ಕಲ್ಲು ಇಟ್ಟಿದ್ದರು. ಅವರ ಪ್ರಕಾರ ಆರು ಕಲ್ಲು, ಏಳನೆಯದು ಜಗಲಿ. ಲಾಭ. ಗೃಹಪ್ರವೇಶದ ಹಿಂದಿನ ದಿನ ಶಾಂತವ್ವನ ಗಂಡ ಎಣಿಸುತ್ತ ಹತ್ತಿದರು. ಅವರ ಪ್ರಕಾರ ಜಗಲಿ ಎಂದರೆ ಮನೆ, ಮೆಟ್ಟಿಲಲ್ಲ. ಆರು. ನಷ್ಟ! ಬೆಳಗಾದರೆ ಪೂಜೆಗೆ ಅಯ್ಯನವರು ಬರುತ್ತಾರೆ, ನೆಂಟರು ಬರುತ್ತಾರೆ. ಎಲ್ಲ ಬಿಚ್ಚಿ ಕಟ್ಟಲು ಹೊತ್ತಿಲ್ಲ. ಮೇಸ್ತ್ರಿ ಹಾರೆ ತಂದು ಕೆಳಗಿನ ಕಲ್ಲನ್ನು ಕಿತ್ತು ಪಕ್ಕಕ್ಕಿಟ್ಟರು. ಐದಾಯಿತು, ಯಜಮಾನರು ನಕ್ಕರು, ಮರುದಿನ ಹೋಳಿಗೆ ಊಟವಾಯಿತು.

"ಜಗಲಿ ಮೇಲೆ ಕಾಲಿಡೂದಿಲ್ವಾ? ಗಾಳಿಯಲ್ಲಿ ನಿಲ್ತಾರಾ? ನೀವೇ ಹೇಳಿ" ಎಂದು ಮೇಸ್ತ್ರಿ ಪ್ರವಾಸಿಗಳ ಕಡೆ ತಿರುಗಿದರು.

ಇದಾದ ಮೇಲೆ ನನ್ನ ನಡಿಗೆಯಲ್ಲಿ ಹಿಂದೆಂದೂ ಕಾಣದ ಉತ್ಸಾಹ ಕಂಡಿತು. ಚಾವಣಿಯ ಕೆತ್ತನೆಗೆ ತುಟಿ ಬಿಚ್ಚದವರು ಜಗಲಿ ಮೆಟ್ಟಿಲೋ ಅಲ್ಲವೋ ಎಂದು ಎರಡು ಪಕ್ಷವಾಗಿ ವಾದಕ್ಕಿಳಿದರು. ಹುಬ್ಬಳ್ಳಿಯಿಂದ ಬಂದಿದ್ದ ನಿವೃತ್ತ ಬ್ಯಾಂಕಿನವರೊಬ್ಬರು ತಮ್ಮ ಮನೆಯ ಮೆಟ್ಟಿಲುಗಳನ್ನು ಬೆರಳಲ್ಲಿ ಎಣಿಸಿ ಹಠಾತ್ತನೆ ಮಂಕಾದರು. ಇಷ್ಟು ವರ್ಷ ಅವರು ಜಗಲಿ ಸೇರಿಸಿ ಎಣಿಸಿದ್ದರಂತೆ. ಮೈಸೂರಿನ ಕಡೆಯ ಒಬ್ಬರು, ಹತ್ತುವಾಗ ಮಾತ್ರ ಲೆಕ್ಕ, ಇಳಿಯುವಾಗ ಲೆಕ್ಕವಿಲ್ಲ, ಆದ್ದರಿಂದ ಶಾಂತವ್ವ ಇಳಿದು ವಾಪಸು ಹತ್ತದೇ ಇದ್ದರೆ ತೊಂದರೆಯಿಲ್ಲ ಎಂದು ಪರಿಹಾರ ಸೂಚಿಸಿದರು. ಶಾಂತವ್ವ ಮೇಲಿನಿಂದ ಅವರನ್ನು ಒಂದು ಸಲ ನೋಡಿದರು. ಅವರು ಮೆಲ್ಲನೆ ನನ್ನ ಹಿಂದೆ ಸರಿದರು.

ಮೇಸ್ತ್ರಿ ಮಾತ್ರ ಯಾರ ವಾದವನ್ನೂ ಕೇಳುತ್ತಿರಲಿಲ್ಲ. ಗಟಾರದ ಅಂಚಿನ ಜಾಗವನ್ನೇ ನೋಡುತ್ತ ನಿಂತಿದ್ದರು. ಆಮೇಲೆ, ಗದ್ದಲ ಕೇಳಿ ಹೊರಗೆ ಬಂದಿದ್ದ ಮಹಾಂತೇಶನನ್ನು ನಿಧಾನವಾಗಿ ಕೇಳಿದರು.

"ನಿಮ್ಮ ಮನೆಗೆ ಕಾಲು ತೊಳೆಯೂ ಕಲ್ಲು ಎಲ್ಲಿ ಉಂಟು?"

"ಇಲ್ಲಲ್ರಿ."

"ಇಲ್ವಾ? ಹಳೇ ಮನೆಗಳಿಗೆಲ್ಲ ಬಾಗಿಲ ಮುಂದೆ ಒಂದು ಕಲ್ಲು, ಪಕ್ಕದಲ್ಲಿ ಒಂದು ನೀರಿನ ಹಂಡೆ ಇರ್ತದೆ. ಅದರ ಮೇಲೆ ನಿಂತು ಕಾಲು ತೊಳ್ಕೊಂಡು ಮೆಟ್ಲು ಹತ್ತೂದು. ಆ ಕಲ್ಲನ್ನು ಯಾರಾದ್ರೂ ಮೆಟ್ಲು ಅಂತ ಎಣಿಸಿದ್ದು ಉಂಟಾ?"

ಯಾರೂ ಎಣಿಸಿದ್ದಿಲ್ಲ. ಮಹಾಂತೇಶ ತಲೆ ಕೆರೆದುಕೊಂಡ. ನಾನು ಮೇಸ್ತ್ರಿಯ ಮುಖ ನೋಡಿದೆ. ಅಲ್ಲಿ ನಗುವಿನ ಸುಳಿವೂ ಇರಲಿಲ್ಲ. ಶಾಂತವ್ವ ಜಗಲಿಯಿಂದ, "ಎಷ್ಟ ಎತ್ತರ ಇರ್ತೈತಿ ಆ ಕಲ್ಲು?" ಎಂದು ಕೇಳಿದರು.

"ಏಳಿಂಚು ಅವ್ವಾ" ಎಂದರು ಮೇಸ್ತ್ರಿ. "ಕಾಲು ತೊಳೀಲಿಕ್ಕೆ ಅಷ್ಟು ಬೇಕು."

ಶಾಂತವ್ವ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. "ನಮ್ಮ ಮನಿಗೆ ಮಂದಿ ಹೊಲಸು ಕಾಲಿಲೆ ಬರತಾರ" ಎಂದು ಮಗನ ಕಡೆ ನೋಡಿದರು. "ಕಲ್ಲು ಬೇಕ. ಹಂಡೇನೂ ಇಡಬೇಕು. ನೀರ ಇಲ್ಲಾಂದ್ರ ಅದು ಮೆಟ್ಟಲಾಗ್ತೈತಿ." ಅಷ್ಟು ಪ್ರಾಮಾಣಿಕತೆ ಅವರಿಗೆ ಬೇಕಾಗಿತ್ತು.

ಕಲ್ಲು ಬುಧವಾರ ಗೂಡ್ಸ್ ರಿಕ್ಷಾದಲ್ಲಿ ಬಂತು. ಮೇಲ್ಭಾಗ ನುಣುಪಾಗಿ ಸವೆದಿತ್ತು. ಎಲ್ಲಿಂದ ತಂದಿರಿ ಎಂದು ಕೇಳಿದರೆ ಮೇಸ್ತ್ರಿ ಮೊದಲು ಹೇಳಲಿಲ್ಲ. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟರು. ಅದು ಈ ಮನೆಯದೇ ಕಲ್ಲು! ಕಿತ್ತ ದಿನ ಅವರೇ ಮನೆಗೆ ಒಯ್ದಿದ್ದರಂತೆ. ನಲವತ್ತು ವರ್ಷ ಅವರ ಹೆಂಡತಿ ಅದರ ಮೇಲೆ ಬಟ್ಟೆ ಒಗೆದಿದ್ದಾರೆ. "ಈಗ ಮನೇಲಿ ನನಗೆ ಬೈಗುಳ. ಬಟ್ಟೆ ಎಲ್ಲಿ ಒಗೀಲಿ ಅಂತ ಕೇಳ್ತಾಳೆ" ಎಂದು ಹೇಳುತ್ತ ಕಲ್ಲನ್ನು ಕೂರಿಸಿ, ನೀರುಮಟ್ಟ ಇಟ್ಟು ನೋಡಿ, ಮೇಲೆ ತಾವೇ ನಿಂತು ಎರಡು ಸಲ ಕುಣಿದರು. ಅಲುಗಾಡಲಿಲ್ಲ. ಮಹಾಂತೇಶ ಪಕ್ಕದಲ್ಲಿ ತಾಮ್ರದ ಹಂಡೆ ಇಟ್ಟು ನೀರು ತುಂಬಿಸಿ, ಮೇಲೊಂದು ತ‌ಂಬಿಗೆ ಇಟ್ಟ. ಆಮೇಲೆ ಐದೂ ಮೆಟ್ಟಿಲನ್ನು ಎಣಿಸಿಕೊಂಡು ಹತ್ತಿ ನೋಡಿ ನಿಟ್ಟುಸಿರು ಬಿಟ್ಟ.

ಬಾಯಿಮಾತಿನ ಸುಳ್ಳಲ್ಲ, ಕಲ್ಲಿನಲ್ಲಿ ಕಟ್ಟಿದ ಸುಳ್ಳು ಇದು ಎಂದು ನೀವು ಹೇಳಬಹುದು. ನಾನೇನೂ ಇಲ್ಲ ಎನ್ನುವುದಿಲ್ಲ. ಆದರೆ ಹನ್ನೊಂದು ಜನ ಹಿರಿಯರು ಹಗಲಲ್ಲಿ, ನಡುಬೀದಿಯಲ್ಲಿ ನಿಂತು ಒಪ್ಪಿಕೊಂಡ ಮೇಲೆ ಅದನ್ನು ಸುಳ್ಳು ಎನ್ನಲು ನನಗೆ ಧೈರ್ಯವಿಲ್ಲ.

ಮರು ಭಾನುವಾರ ಹೊಸ ತಂಡ ಬಂತು. ನಾನು ಅವರಿಗೆ ಓಣಿಯ ಹಳೆಯ ಮನೆಗಳ ಮುಂಡಿಗೆಗಳನ್ನು, ಆ ಕೆತ್ತನೆಯ ಮರದ ಕಂಬಗಳನ್ನು, ತೋರಿಸುತ್ತ ಬರುವಷ್ಟರಲ್ಲಿ ಶಾಂತವ್ವ ಇಳಕಲ್ ಸೀರೆ ಉಟ್ಟು ಜಗಲಿಯ ಅಂಚಿಗೆ ಬಂದು ನಿಂತಿದ್ದರು. ಕೆಳಗೆ ಅಕ್ಕ. ಇನಾಸ ಮೇಸ್ತ್ರಿಯೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಒಂದು ಬದಿಗೆ ನಿಂತಿದ್ದರು. ಮಹಾಂತೇಶ ಕೈ ಹಿಡಿಯಲು ಬಂದ. "ಸರಿ ಆಕಡೆ" ಎಂದರು. ಗೋಡೆಗೆ ಒಂದು ಕೈ ಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ನಿಂತು, ಉಸಿರು ತೆಗೆದುಕೊಂಡು ಇಳಿದರು. ಐದನೆಯದರ ಮೇಲೆ ಬಹಳ ಹೊತ್ತು ನಿಂತರು. ಬಲಗಾಲು ಕೆಳಗಿಟ್ಟರು. ಕಲ್ಲು ಸಿಕ್ಕಿತು. ಎಡಗಾಲೂ ಬಂತು.

"ನೀರ ಕೊಡು" ಎಂದರು. ಮನೆಯಿಂದ ಹೊರಗೆ ಹೋಗುವಾಗ ಕಾಲು ತೊಳೆಯುವವರನ್ನು ನಾನು ಅದೇ ಮೊದಲು ನೋಡಿದ್ದು. ಮಹಾಂತೇಶ ತಂಬಿಗೆಯಲ್ಲಿ ನೀರು ಹಾಕಿದ, ಅವರು ಗಂಭೀರವಾಗಿ ಎರಡೂ ಪಾದ ತೊಳೆದು, ಚಪ್ಪಡಿಗೆ ಇಳಿದು, ಅಕ್ಕನ ಎದುರು ನಿಂತರು. ಇಬ್ಬರೂ ಒಂದೂವರೆ ವರ್ಷದ ಮೇಲೆ ಒಂದೇ ಎತ್ತರದಲ್ಲಿ ನಿಂತಿದ್ದರು. ಪ್ರವಾಸಿಗಳಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಡ್ರಾಯಿಂಗ್ ಮಾಸ್ತರರಿಗೆ ಬೇಗ ಬರುತ್ತದೆ.

ಶಾಂತವ್ವ ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದರು. "ಸಣ್ಣಾಗೀದಿ" ಎಂದರು. ಆಮೇಲೆ ತಮ್ಮ ಮನೆಯನ್ನೊಮ್ಮೆ ನೋಡೋಣವೆಂದು ತಿರುಗಿ ತಲೆ ಎತ್ತಿದರು.

ಆಗ ಓಣಿಗೆ ಓಣಿಯೇ ಉಸಿರು ಹಿಡಿಯಿತು. ಒಂದು ವಿಷಯ ನಾನು ನಿಮಗೂ ಹೇಳಿಲ್ಲ. ಅವ್ವನನ್ನು ಕುರ್ಚಿಯಲ್ಲಿ ಹೊತ್ತು ತಂದ ಮೇಲೆ, ಕಳೆದ ವರ್ಷ, ಮಹಾಂತೇಶ ಮಾಳಿಗೆಯ ಹೊರಗೋಡೆಗೆ ಬಣ್ಣ ಹೊಡೆಸಿದ್ದ. ಜಗಲಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಅವ್ವ ಕೇಳಿದಾಗ, ಮೊದಲಿನ ಹಾಗೆ ಬಿಳಿ ಸುಣ್ಣ ಎಂದಿದ್ದ. ಗೋಡೆ ಅಚ್ಚ ನೇರಳೆ ಬಣ್ಣದ್ದು, ಕಿಟಕಿಗಳು ಗಿಳಿಹಸಿರು. ಪ್ರತಿ ತಂಡಕ್ಕೂ ನಾನು ಓಣಿಯ ತಿರುವಿನಲ್ಲೇ ಹೇಳಿಬಿಡುತ್ತಿದ್ದೆ, ಆ ಮನೆಯ ಮುಂದೆ ಬಣ್ಣದ ಮಾತು ಎತ್ತಬೇಡಿ ಎಂದು.

"ಇದು ಯಾರ ಮನಿ?" ಎಂದರು ಶಾಂತವ್ವ.

ಮಹಾಂತೇಶ ಇದ್ದ ಜಾಗದಲ್ಲಿ ಈಗ ತಂಬಿಗೆ ಮಾತ್ರ ಇತ್ತು. ಶಾಂತವ್ವ ನಿಧಾನವಾಗಿ ಅಕ್ಕನ ಕಡೆ ತಿರುಗಿದರು.

"ಭಾಗೀರಥಿ. ದಿನಾ ಇಲ್ಲೇ ನಿಂತು ಇದನ್ನ ನೋಡೀದಿ. ಒಂದ ಮಾತ ಹೇಳಬಾರದಿತ್ತೇನ ನನಗ?"

"ಹೇಳಿದ್ರೆ ನೀ ಮೇಲೇ ಕೂತ್ಕಂಡು ಬೈದು ಸುಮ್ಮಂಗೆ ಆಗ್ತಿದ್ದೆ" ಎಂದಳು ಅಕ್ಕ. "ಕೆಳಗೆ ಬಂದು ನೋಡ್ಲಿ ಹೇಳಿ ಇಟ್ಕಂಡಿದ್ದಿ."

"ಮತ್ತ ಏನೇನ ಮುಚ್ಚಿಟ್ಟೀ?"

"ಬಾ. ಆ ಮೂಲೆಮನೆ ಇತ್ತಲ, ಅದನ್ನ ಕೆಡವಿ ಹಾಕಿದ್ದ, ಈಗ ಇಲ್ಲೆ."

"ಇಲ್ಲ?" ಶಾಂತವ್ವ ಬೆಚ್ಚಿದರು. "ಅದರ ಕಟ್ಟಿಗಿ ಕಟಾಂಜನ? ಆ ದೊಡ್ಡ ಬಾಗಲಾ?"

"ಬಾ ಅಂದ್ನಲೆ, ತೋರಿಸ್ತೆ" ಎಂದು ಅಕ್ಕ ಊರುಗೋಲನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದಳು. ಶಾಂತವ್ವ ಹಿಡಿದುಕೊಂಡರು. ಇಬ್ಬರೂ ಹೊರಟರು, ಹೊಸ ತಂಡ ಅವರ ಹಿಂದೆ ಹೊರಟಿತು, ಎಲ್ಲರಿಗಿಂತ ಹಿಂದೆ ನಾನು. ಅವತ್ತು ಓಣಿ ತೋರಿಸಿದ್ದು ನಾನಲ್ಲ.